ಮೊದಲು ಯಾರ ಗದ್ದೆ

ಈ ಸಲದ ಬೇಸಿಗೆ ರಜೆಗೆ ಊರಿಗೆ ಹೋಗಲು ಟಿಕೆಟ್ ಸಿಗಲಿಲ್ಲ. ಸೌದಿಯ ಖತೀಫಿನ ಸೆಕೆಯಲ್ಲಿ ಎ.ಸಿ.ಯ ಕೆಳಗೆ ಕುಳಿತು ಕುಳಿತು ಮನೆಯ ಮೂವರಿಗೂ ತಲೆ ಕೆಟ್ಟಿತ್ತು. ಕೊನೆಗೆ ಗಂಡ, ಮಗಳು, ನಾನು ಕಾರು ಹತ್ತಿ ಅಭಾದ ಕಡೆಗೆ ಹೊರಟೆವು. ದಮ್ಮಾಮ್ ಕಡೆಯ ಜನ ತಂಪು ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಬೆಟ್ಟ ಹತ್ತುವ ದಾರಿಯ ಒಂದು ತಿರುವಿನಲ್ಲಿ ಮಗಳಿಗೆ ಫೋಟೋ ತೆಗೆಯಬೇಕಾಯಿತು. ಕಾರು ನಿಲ್ಲಿಸಿದ ಜಾಗದ ಪಕ್ಕದಲ್ಲೇ ಗೋಧಿ ಹುಲ್ಲು ಹೇರಿಕೊಂಡ ಪಿಕಪ್ ಒಂದು ನಿಂತಿತ್ತು. ಆಗತಾನೇ ನಾಲ್ಕು ಹನಿ ಮಳೆ ಬಿದ್ದು ಹುಲ್ಲು ತೊಯ್ದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ.

ಅಳುತ್ತಿದ್ದೀಯಾ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಕಣ್ಣಿಗೆ ಧೂಳು ಬಿತ್ತು ಅಂದೆ. ನರ್ಸ್ ಕೆಲಸ ಮಾಡಿ ಮಾಡಿ ನನ್ನ ಬಾಯಿಗೆ ಇಂಥ ಸುಳ್ಳು ಸಲೀಸು. ಆದರೆ ಆ ಬೆಟ್ಟದಲ್ಲಿ ಒಂದು ವರ್ಷ ನಾನು ಹೇಳಿದ ಸುಳ್ಳುಗಳು ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ಆಗ ಮಗಳು ಚಿಕ್ಕವಳು, ಉಡುಪಿಯಲ್ಲಿ ಅಮ್ಮನ ಹತ್ತಿರ ಇದ್ದಳು. ಗಂಡನಿಗೆ ಖತೀಫಿನಲ್ಲಿ ಕೆಲಸ. ನನ್ನನ್ನು ಹಾಕಿದ್ದು ಅಭಾದಿಂದ ಮುಕ್ಕಾಲು ಗಂಟೆ ದೂರದ ಒಂದು ಬೆಟ್ಟದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ನಾನು ಹೇಳಹೊರಟ ಮನೆಯವರು ಯಾರೆಂದು ಅಲ್ಲಿನವರಿಗೆ ಕೂಡಲೇ ತಿಳಿಯುತ್ತದೆ. ಸೌದಿ ಎಂದರೆ ಮರಳು, ಒಂಟೆ, ಎಣ್ಣೆ ಎಂದುಕೊಂಡು ವಿಮಾನ ಹತ್ತಿದವಳು ನಾನು. ಅಲ್ಲಿ ನೋಡಿದರೆ ಮಂಜು, ಕಲ್ಲಿನ ಮನೆಗಳು, ಬೆಟ್ಟದ ಮೈಯುದ್ದಕ್ಕೂ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಗದ್ದೆಗಳು. ಒಂದು ಮಸೀದಿ, ಒಂದು ಶಾಲೆ, ನಮ್ಮ ಕೇಂದ್ರ, ಭಟ್ಕಳದ ಇಸ್ಮಾಯಿಲ್ ಸಾಹೇಬರ ಬಖಾಲಾ, ಅಂದರೆ ದಿನಸಿ ಅಂಗಡಿ. ಊರು ಅಂದರೆ ಅಷ್ಟೇ. ನನಗೆ ಕನ್ನಡ ಮಾತಾಡಲು ಸಿಗುತ್ತಿದ್ದದ್ದು ಸಾಹೇಬರೊಬ್ಬರೇ. ಅವರ ಅಂಗಡಿಗೆ ನಾನು ಉಪ್ಪಿಗಿಂತ ಮಾತಿಗೆ ಹೋದದ್ದೇ ಹೆಚ್ಚು.

ಊರಿನವರಲ್ಲಿ ಹೆಚ್ಚಿನವರು ಸರಕಾರಿ ನೌಕರರು. ಅಭಾಕ್ಕೆ ಕಾರಿನಲ್ಲಿ ಹೋಗಿ ಬರುವವರು. ಗೋಧಿ ಬೆಳೆಯದಿದ್ದರೆ ಉಪವಾಸ ಬೀಳುವವರು ಅಲ್ಲಿ ಯಾರೂ ಇರಲಿಲ್ಲ. ಸಾಹೇಬರ ಅಂಗಡಿಯಲ್ಲಿ ಬೇಕಾದಷ್ಟು ಖುಬ್ಬೂಸ್ ರೊಟ್ಟಿ ಇರುತ್ತಿತ್ತು. ಆದರೂ ಚಳಿಗಾಲಕ್ಕೆ ಬಿತ್ತುತ್ತಿದ್ದರು, ಬೇಸಿಗೆಯ ಹೊಸ್ತಿಲಲ್ಲಿ ರಜೆ ಹಾಕಿ ಗದ್ದೆಗಿಳಿದು ಕೈಯಲ್ಲೇ ಕೊಯ್ಯುತ್ತಿದ್ದರು. ಆ ಇಕ್ಕಟ್ಟಿನ ಮೆಟ್ಟಿಲುಗಳಿಗೆ ಮಿಷಿನ್ ಇಳಿಯುವುದಿಲ್ಲ. ಒಂದು ಮನೆಯ ಗದ್ದೆಗೆ ಎಲ್ಲರೂ ಇಳಿಯುವುದು, ಅದು ಮುಗಿದ ಮೇಲೆ ಇನ್ನೊಂದು. ಗದ್ದೆಯ ಮನೆಯವರು ಎಲ್ಲರಿಗೂ ರೊಟ್ಟಿ, ತುಪ್ಪ, ಜೇನು ಕೊಡಬೇಕು. ಯಾವ ದಿನ ಶುರು ಎನ್ನುವುದನ್ನು ಅಬೂ ಸಯೀದ್ ಎಂಬ ಹಿರಿಯರು ಹೇಳುತ್ತಿದ್ದರು. ಮೊದಲು ಮಸೀದಿಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದರಂತೆ, ಈಗ ವಾಟ್ಸಾಪಿನಲ್ಲಿ. ನಮ್ಮ ಕಡೆ ಈಗ ಕೊಯ್ಲಿನ ಮಿಷಿನ್ ಘಟ್ಟದ ಮೇಲಿಂದ ಬರುತ್ತದೆ, ಯಾರ ಗದ್ದೆ ಮೊದಲು ಎಂಬುದನ್ನು ಅದರ ಡ್ರೈವರನೇ ತೀರ್ಮಾನಿಸುತ್ತಾನೆ. ಹಾಗಾಗಿ ಅವರದೆಲ್ಲ ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಶರೀಫಾ ಖಾಲಾ ನನಗೆ ಪರಿಚಯವಾದದ್ದು ಆ ವರ್ಷದ ಬಿತ್ತನೆಯ ಹೊತ್ತಿನಲ್ಲಿ. ಖಾಲಾ ಅಂದರೆ ಚಿಕ್ಕಮ್ಮ, ಊರಿನ ವಯಸ್ಸಾದ ಹೆಂಗಸರನ್ನೆಲ್ಲ ನಾನು ಹಾಗೆಯೇ ಕರೆಯುತ್ತಿದ್ದೆ. ಹೊಟ್ಟೆ ಉರಿ ಎಂದು ಬಂದಿದ್ದರು. ತಲೆಗೆ ಕಟ್ಟಿದ ಹಳದಿ ವಸ್ತ್ರದ ಮೇಲೆ ದೊಡ್ಡ ಹುಲ್ಲಿನ ಟೊಪ್ಪಿ, ಕೈಯಲ್ಲಿ ಮಣ್ಣು. ಬಿ.ಪಿ. ನೋಡಲು ಕೈ ಹಿಡಿದೆ, ಅವರು ತಿರುಗಿಸಿ ನನ್ನ ಕೈಯನ್ನೇ ಹಿಡಿದುಕೊಂಡರು. ನನ್ನ ಎಡಗೈ ಕಿರುಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗೆರೆ ಇದೆ. ಚಿಕ್ಕವಳಿದ್ದಾಗ ಭತ್ತ ಕೊಯ್ಯಲು ಹೋಗಿ ಮಾಡಿಕೊಂಡದ್ದು. ಅವರು ತಮ್ಮ ಎಡಗೈ ಚಾಚಿ ತೋರಿಸಿದರು. ಅದೇ ಜಾಗದಲ್ಲಿ ಅದೇ ಗೆರೆ, ಒಂದಲ್ಲ, ನಾಲ್ಕೈದು. ಸುಮ್ಮನೆ ನರ್ಸ್ ವೇಷ ಹಾಕಿದ್ದೀ, ನೀನು ನಮ್ಮವಳೇ ಎಂದು ನಕ್ಕರು. ಅಂದಿನಿಂದ ನಾನು ಅವರಿಗೆ ಮಗಳು. ಪುಷ್ಪಾ ಎಂಬ ನನ್ನ ಹೆಸರು ಆ ಊರಿನಲ್ಲಿ ಯಾರ ಬಾಯಿಗೂ ಸರಿಯಾಗಿ ಬಂದದ್ದಿಲ್ಲ, ಖಾಲಾ ಅದರ ಗೋಜಿಗೇ ಹೋಗಲಿಲ್ಲ.

ಗಂಡ ತೀರಿಕೊಂಡ ಮೇಲೆ ಗದ್ದೆಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಮಗ ಯಹ್ಯಾ, ಊರಿನ ಶಾಲೆಯಲ್ಲಿ ಮೇಷ್ಟ್ರು. ಹೆಂಡತಿ ಮಕ್ಕಳೊಂದಿಗೆ ಅಮ್ಮನ ಜೊತೆಯೇ ಇದ್ದ. ಮೃದು ಸ್ವಭಾವದವನು. ಎಷ್ಟು ಮೃದುವೆಂದರೆ, ಗದರಿಸಬೇಕಾದ ಹುಡುಗನನ್ನು ನೋಡಿ ತಾನೇ ಮುಖ ಸಣ್ಣಗೆ ಮಾಡಿಕೊಳ್ಳುವಂಥವನು. ಮೇಷ್ಟ್ರ ಪಾಲಿನ ಬೈಗುಳವನ್ನೂ ಅಮ್ಮನೇ ಮುಗಿಸಿಬಿಟ್ಟಿದ್ದಾಳೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಹೊಟ್ಟೆ ಉರಿ ಕಡಿಮೆಯಾಗಲಿಲ್ಲ. ಖಾಲಾ ಬಡವಾಗುತ್ತ ಬಂದರು. ನಮ್ಮ ಸುಡಾನಿ ಡಾಕ್ಟರು ಅಭಾಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಆಯಿತು. ಗೋಧಿ ಮೊಣಕಾಲೆತ್ತರ ಬೆಳೆದು ಬೆಟ್ಟವೆಲ್ಲ ಹಸಿರಾಗಿದ್ದ ಒಂದು ಮಧ್ಯಾಹ್ನ ಯಹ್ಯಾ ಕೇಂದ್ರಕ್ಕೆ ಬಂದು ಡಾಕ್ಟರ ಎದುರು ಕುಳಿತ. ಮೇದೋಜೀರಕದಲ್ಲಿ ಗಡ್ಡೆ, ಲಿವರಿಗೂ ಹಬ್ಬಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದು ಅಭಾದವರು ಹೇಳಿದ್ದರು. ಅಮ್ಮನಿಗೆ ಹೊಟ್ಟೆಯ ಹುಣ್ಣು ಎಂದು ಹೇಳಿದ್ದೇನೆ, ನೀವೂ ಹಾಗೆಯೇ ಹೇಳಬೇಕು ಎಂದು ಅವನು ಕೈ ಹಿಡಿದು ಬೇಡಿಕೊಂಡ. ಅವರ ದೇಹ, ಅವರಿಗೆ ತಿಳಿಯಬೇಡವೇ ಎಂದು ಡಾಕ್ಟರು ಕೇಳಿದರು. ತಿಳಿದರೆ ಆ ದಿನವೇ ಸಾಯುತ್ತಾಳೆ, ಇರುವಷ್ಟು ದಿನ ನಗುತ್ತಿರಲಿ ಎಂದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ನನ್ನ ಸ್ವಂತ ಅಜ್ಜಿಗೂ ನಾವು ಗ್ಯಾಸ್ಟ್ರಿಕ್ ಎಂದೇ ಹೇಳಿದ್ದೆವು.

ಊರಿಗೆಲ್ಲ ಒಂದೇ ವಾರದಲ್ಲಿ ಗೊತ್ತಾಯಿತು. ಗೊತ್ತಿಲ್ಲದವರು ಖಾಲಾ ಒಬ್ಬರೇ ಎಂದು ಎಲ್ಲರೂ ನಂಬಿದರು. ಹೆಂಗಸರು ದಿನಕ್ಕೊಬ್ಬರಂತೆ ತಿಂಡಿ ಹಿಡಿದುಕೊಂಡು ಬರುತ್ತಿದ್ದರು, ಬಾಗಿಲಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ನಗುತ್ತಿದ್ದರು. ನಾನು ದಿನಾ ಸಂಜೆ ಹೋಗಿ ಅಭಾದಿಂದ ಬರೆದುಕೊಟ್ಟ ನೋವಿನ ಇಂಜೆಕ್ಷನ್ ಕೊಡುತ್ತಿದ್ದೆ. ಹುಣ್ಣು ಒಣಗುತ್ತಾ ಇದೆ ಖಾಲಾ ಅನ್ನುತ್ತಿದ್ದೆ. ಅವರು ಕಿಟಕಿಯ ಬಳಿ ದಿಂಬಿಗೆ ಒರಗಿ ಕೂತು ಕೆಳಗಿನ ಗದ್ದೆಗಳನ್ನು ನೋಡುತ್ತಿದ್ದರು. ಯಾರ ಗದ್ದೆಗೆ ನೀರು ಸಾಲದು, ಯಾರ ಕಟ್ಟೆಯ ಕಲ್ಲು ಜಾರಿದೆ, ಎಲ್ಲವನ್ನೂ ಅಲ್ಲಿಂದಲೇ ಬೈದು ಹೇಳಿ ಕಳಿಸುತ್ತಿದ್ದರು.

ಗೋಧಿ ಹಳದಿಯಾಯಿತು. ತೆನೆ ಬಾಗಿತು. ಮೊದಲ ಬಾರಿ ನೋಡುತ್ತಿದ್ದ ನನಗೂ ಗೊತ್ತಾಗುವಷ್ಟು ಹಣ್ಣಾಯಿತು. ಯಾರೂ ಗದ್ದೆಗೆ ಇಳಿಯಲಿಲ್ಲ.

ಬೆಟ್ಟದ ಕೋತಿಗಳ ಹಿಂಡು ದಿನಾ ಬೆಳಿಗ್ಗೆ ಬಂದು ಮೇಲಿನ ಮೆಟ್ಟಿಲುಗಳನ್ನು ಸುಲಿಯತೊಡಗಿತು. ಮಕ್ಕಳು ಡಬ್ಬ ಬಡಿದು ಓಡಿಸುತ್ತಿದ್ದರು. ಗಂಡಸರು ಸಾಹೇಬರ ಅಂಗಡಿಯ ಮುಂದೆ ನಿಂತು ಜ್ಯೂಸ್ ಕುಡಿಯುತ್ತ ಪೆಟ್ರೋಲಿನ ವಿಷಯ, ಫುಟ್ಬಾಲಿನ ವಿಷಯ, ಆಕಾಶದ ವಿಷಯ ಮಾತಾಡುತ್ತಿದ್ದರು. ಗೋಧಿಯ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಇದೇನು ಈ ಜನಕ್ಕೆ ಸೋಮಾರಿತನ ಬಡಿಯಿತೇ ಎಂದು ನಾನು ಸಾಹೇಬರನ್ನು ಕೇಳಿದೆ. ಅವರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ವಿಷಯ ಹೇಳಿದರು.

ಆ ಊರಿನಲ್ಲಿ ಒಂದು ಕ್ರಮವಿದೆ. ಸಾಧಾರಣ ಜ್ವರ, ಕಾಲು ಮುರಿತಕ್ಕೆಲ್ಲ ಅದು ಅನ್ವಯಿಸುವುದಿಲ್ಲ. ಹಾಸಿಗೆಯಿಂದ ಇನ್ನು ಏಳಲಾರರು ಎಂಬಂಥವರ ಮನೆಯಿದ್ದರೆ, ಆ ವರ್ಷ ಊರಿನ ಮೊದಲ ಕುಡುಗೋಲು ಅವರ ಗದ್ದೆಗೆ. ಅದನ್ನು ಮುಗಿಸದೆ ಯಾರೂ ತಮ್ಮ ಗದ್ದೆಯ ಒಂದು ತೆನೆಯನ್ನೂ ಮುಟ್ಟುವಂತಿಲ್ಲ. ಬೆಳೆ ಮನೆ ಸೇರಿದ್ದನ್ನು ಅವರು ಕಣ್ಣಾರೆ ನೋಡಿ ಹೋಗಲಿ ಎಂದು. ಖಾಲಾಳ ಗಂಡನ ಗದ್ದೆಯನ್ನು ಹಾಗೆಯೇ ಕೊಯ್ದಿದ್ದರಂತೆ. ಆವತ್ತು ಹೆಂಗಸರ ಸಾಲಿನ ಮುಂದೆ ನಿಂತು ಕೊಯ್ದವರು ಖಾಲಾ.

“ಈಗ ಎಂತ ಮಾಡುದು ಹೇಳಿ ಸಿಸ್ಟರ್,” ಅಂದರು ಸಾಹೇಬರು. “ಅವರ ಗದ್ದೆ ಮೊದ್ಲು ಕೊಯ್ದ್ರೆ ಅವರಿಗೆ ಗೊತ್ತಾಗ್ತದೆ. ಕೊಯ್ಯದೆ ತಮ್ಮ ಗದ್ದೆಗೆ ಇಳಿಲಿಕ್ಕೆ ಇವರಿಗೆ ಮುಖ ಇಲ್ಲ. ಯಹ್ಯಾ ಬಂದು ಅಬೂ ಸಯೀದರ ಕಾಲು ಹಿಡಿಯುದೊಂದು ಬಾಕಿ. ನಮ್ಮ ಗದ್ದೆ ಮೊದ್ಲು ಬೇಡ ಅಂತ. ಹಾಗಾದ್ರೆ ಯಾರದ್ದೂ ಬೇಡ ಅಂದ್ರು ಮುದುಕ.”

ನನಗೆ ಸಿಟ್ಟು ಬಂತು. ಮಳೆ ಬಂದರೆ ಇಡೀ ಊರಿನ ಬೆಳೆ ಮಣ್ಣುಪಾಲು, ಇದೆಂಥ ಮರ್ಯಾದೆ ಎಂದು ಕೂಗಾಡಿದೆ. ಸಾಹೇಬರು ನನ್ನ ಚೀಲಕ್ಕೆ ಟೊಮೆಟೊ ತುಂಬುತ್ತ, ಅದೆಲ್ಲ ನಮಗೆ ಅರ್ಥ ಆಗುದಿಲ್ಲ ಮಾರಾಯ್ತಿ, ನಾವು ಕೊಯ್ಲು ಬಿಟ್ಟು ಎಷ್ಟು ಕಾಲ ಆಯ್ತು ಅಂದರು. ಆ ಮಾತು ನನಗೆ ಸರಿಯಾಗಿಯೇ ನಾಟಿತು.

ಎರಡು ದಿನ ಕಳೆದು ಪಕ್ಕದ ಕಣಿವೆಯಲ್ಲಿ ಆಲಿಕಲ್ಲು ಬಿದ್ದ ಸುದ್ದಿ ಬಂತು. ನಮ್ಮ ಕಡೆ ಬರಿಯ ಗಾಳಿ. ಮಧ್ಯಾಹ್ನವಾದರೆ ಸಾಕು, ಬೆಟ್ಟದ ಅಂಚಿನಿಂದ ಕಪ್ಪು ಮೋಡ ಎದ್ದು ಬರುತ್ತಿತ್ತು. ಗಂಡಸರು ಮಸೀದಿಯ ಮೆಟ್ಟಿಲಲ್ಲಿ ಕುಳಿತು ಮೋಡ ನೋಡುತ್ತಿದ್ದರು, ಮತ್ತೆ ಗದ್ದೆ ನೋಡುತ್ತಿದ್ದರು, ಮನೆಗೆ ಹೋಗುತ್ತಿದ್ದರು. ಅಬೂ ಸಯೀದ್ ನನ್ನ ಹತ್ತಿರ ಬಿ.ಪಿ. ತೋರಿಸಲು ಬಂದರು. ಏರಿತ್ತು. ಏರದೆ ಇರುತ್ತದೆಯೇ. ಅವರದ್ದೇ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಗದ್ದೆ, ಎಲ್ಲರಿಗಿಂತ ಮೊದಲು ಹಣ್ಣಾದದ್ದೂ ಅದೇ.

ಆ ಸಂಜೆ ನಾನು ಹೋದಾಗ ಖಾಲಾ ಕಿಟಕಿಯ ಹತ್ತಿರವೇ ಇದ್ದರು. ಕೆನ್ನೆಯ ಮೂಳೆ ಎದ್ದಿತ್ತು, ಕಣ್ಣು ಹಳದಿಯಾಗಿತ್ತು. ಇಂಜೆಕ್ಷನ್ ತುಂಬಿಸುತ್ತಿದ್ದೆ. ಅಬೂ ಸಯೀದನ ಕುಡುಗೋಲು ಕಳೆದುಹೋಗಿದೆಯಾ ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಸೊಸೆಯನ್ನು ಕರೆದು ಚಹಾ ಮಾಡಲು ಒಳಗೆ ಕಳಿಸಿದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಮೆತ್ತಗೆ ಮಾತಾಡಿದರು.

“ಗೋಧಿ ಬೆಳ್ಳಗಾಗಿದೆ. ಇಷ್ಟು ದಿನ ಈ ಊರು ಕಾದದ್ದನ್ನು ನಾನು ಕಂಡಿಲ್ಲ. ನನ್ನ ಗಂಡ ಹಾಸಿಗೆ ಹಿಡಿದ ವರ್ಷವೂ ಕಾಯಲಿಲ್ಲ, ಆವತ್ತು ಯಾರಿಗೂ ಯಾರಿಂದಲೂ ಮುಚ್ಚಿಡುವುದು ಇರಲಿಲ್ಲ. ಯಾರ ಗದ್ದೆಯ ಸಲುವಾಗಿ ನಿಂತಿದ್ದಾರೆ ಎಂದು ನನಗೆ ತಿಳಿಯುವುದಿಲ್ಲವೇ, ಮಗಳೇ?”

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ನಿನ್ನನ್ನು ಏನೂ ಕೇಳುವುದಿಲ್ಲ, ಕೇಳಿದರೆ ನೀನು ಸುಳ್ಳು ಹೇಳಬೇಕಾಗುತ್ತದೆ ಎಂದರು. ಇವತ್ತಿನ ಇಂಜೆಕ್ಷನ್ ಈಗ ಬೇಡ, ನಾಳೆ ಬೆಳಿಗ್ಗೆ ಗಂಡಸರು ಮಸೀದಿಯಲ್ಲಿರುವಾಗ ಬಂದು ಕೊಡು, ಸ್ವಲ್ಪ ಹೊತ್ತು ನನ್ನ ಕಾಲ ಮೇಲೆ ನಾನು ನಿಲ್ಲುವ ಹಾಗಾದರೆ ಸಾಕು ಎಂದರು. ಯಾಕೆ ಅಂದದ್ದಕ್ಕೆ, ಗೋಧಿ ಕೊಯ್ಯಬೇಕು ಎಂದರು. ಇನ್ನೊಂದು ಮಾತಿಗೂ ನನ್ನಿಂದ ಒಪ್ಪಿಗೆ ತೆಗೆದುಕೊಂಡರು. ತನಗೆ ಗೊತ್ತಾಗಿದೆ ಎಂಬುದು ಯಹ್ಯಾನ ಕಿವಿಗೆ ಬೀಳಬಾರದು.

ಆ ರಾತ್ರಿಯ ನೋವನ್ನು ಅವರು ಇಂಜೆಕ್ಷನ್ ಇಲ್ಲದೆ ಹೇಗೆ ತಡೆದುಕೊಂಡರೋ ನನಗೆ ಗೊತ್ತಿಲ್ಲ. ನಾನು ಹೊತ್ತು ಬದಲಿಸಲು ಡಾಕ್ಟರ ಅನುಮತಿ ಕೇಳಿದೆ. ಯಾಕೆ ಅಂದರು. ಖಾಲಾಗೆ ಗೋಧಿ ಕೊಯ್ಯಬೇಕಂತೆ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಡಾನಿನಲ್ಲಿ ಅವರದ್ದೂ ಜೋಳದ ಹೊಲದ ಮನೆ. ಬೇರೇನೂ ಕೇಳದೆ ಸಹಿ ಹಾಕಿದರು.

ಬೆಳಿಗ್ಗೆ ಮಂಜು ಮುಸುಕಿತ್ತು. ನಾನು ಹೋಗುವಷ್ಟರಲ್ಲಿ ಖಾಲಾ ಸೊಸೆಯ ಕೈಯಿಂದ ಹಳದಿ ವಸ್ತ್ರ ಕಟ್ಟಿಸಿಕೊಂಡು, ಹುಲ್ಲಿನ ಟೊಪ್ಪಿ ಇಟ್ಟುಕೊಂಡು ಕುಳಿತಿದ್ದರು. ಸೊಸೆ ಅಳುತ್ತಿದ್ದಳು. ಅವಳ ಬಾಯಿಗೂ ಬೀಗ ಹಾಕಿಯಾಗಿತ್ತು. ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವವರೆಗೆ ಅವರ ಪಕ್ಕದಲ್ಲಿ ಕುಳಿತೆ. ಆ ಹೊತ್ತಿನಲ್ಲಿ ಅವರು ಮಗನ ಬಗ್ಗೆ ಮಾತಾಡಿದರು, ಸಣ್ಣ ಸಣ್ಣ ಮಾತು. ಆಮೇಲೆ ನನ್ನ ತೋಳು ಹಿಡಿದು ಎದ್ದರು. ನನ್ನ ಅಜ್ಜಿಯೂ ಕೊನೆಗೆ ಅಷ್ಟೇ ಹಗುರವಾಗಿದ್ದರು.

ಮನೆಯಿಂದ ಗದ್ದೆಗೆ ಇಳಿಯುವ ಕಲ್ಲಿನ ಮೆಟ್ಟಿಲು ಕಡಿದಾದದ್ದು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡರು. ಗದ್ದೆಯ ಅಂಚಿಗೆ ಬಂದಾಗ ನನ್ನ ಕೈ ಬಿಟ್ಟರು. ಬಗ್ಗಿ ಎಡಗೈಯಲ್ಲಿ ಒಂದು ಹಿಡಿ ಗೋಧಿ ಹಿಡಿದರು, ಕುಡುಗೋಲು ಹಾಕಿ ಎಳೆದರು. ಕೊಯ್ಯಲಿಲ್ಲ. ಕೈಯಲ್ಲಿ ಬಲವಿರಲಿಲ್ಲ. ನಾನು ಮುಂದೆ ಹೋದದ್ದಕ್ಕೆ ಗದರಿಸಿ ನಿಲ್ಲಿಸಿದರು. ಮತ್ತೊಮ್ಮೆ ಎಳೆದರು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಹಿಡಿ ಕೈಗೆ ಬಂತು. ಅದನ್ನು ಕಟ್ಟೆಯ ಮೇಲಿಟ್ಟು ಇನ್ನೊಂದು ಹಿಡಿಗೆ ಬಗ್ಗಿದರು. ನಾನು ಅಳಬಾರದೆಂದು ತುಟಿ ಕಚ್ಚಿಕೊಂಡು ನಿಂತೆ.

ನಮಾಜು ಮುಗಿಸಿ ಬಂದ ಗಂಡಸರು ಮೇಲಿನ ದಾರಿಯಲ್ಲಿ ನಿಂತುಬಿಟ್ಟರು. ಮಂಜಿನಲ್ಲಿ ಆ ಹಳದಿ ವಸ್ತ್ರ ಎಲ್ಲರಿಗೂ ಕಂಡಿರಬೇಕು. ಯಹ್ಯಾ ಬರಿಗಾಲಲ್ಲಿ ಓಡಿ ಇಳಿದ. ಅವನ ಹಿಂದೆ ಅಬೂ ಸಯೀದ್, ಅವರ ಹಿಂದೆ ಉಳಿದವರು. ಖಾಲಾ ನೆಟ್ಟಗೆ ನಿಂತರು. ನಾನು ಆ ಊರಿಗೆ ಬಂದ ಹೊಸದರಲ್ಲಿ ಕೇಳುತ್ತಿದ್ದ ಗಟ್ಟಿ ದನಿ ಮತ್ತೆ ಬಂತು.

“ಏನು ನೋಡುತ್ತಿದ್ದೀರಿ? ನನ್ನ ಹುಣ್ಣು ವಾಸಿಯಾಗಿದೆ. ನನ್ನ ಗದ್ದೆ ಕೊಯ್ಯಲು ನಾನಿದ್ದೇನೆ, ಮಗ ಸೊಸೆ ಇದ್ದಾರೆ. ಮೋಡ ತಲೆಯ ಮೇಲೆ ಬಂದಿದೆ. ನಿಮ್ಮ ನಿಮ್ಮ ಗದ್ದೆಗೆ ಹೋಗಿ.”

ಯಾರೂ ಅಲುಗಲಿಲ್ಲ. ಎಲ್ಲರ ಕಣ್ಣು ಅಬೂ ಸಯೀದರ ಮೇಲಿತ್ತು. ಅವರು ಖಾಲಾಳ ಮುಖವನ್ನು ತುಂಬ ಹೊತ್ತು ನೋಡಿದರು. ಅವರು ನೋಡಿದ್ದೇನೆಂದು ನನಗೆ ಗೊತ್ತು, ಹಳದಿ ಬಿದ್ದ ಕಣ್ಣು ಮಂಜಿನಲ್ಲೂ ಕಾಣುತ್ತಿತ್ತು. ಈ ಮಾತನ್ನು ಒಪ್ಪಿದರೆ ಅವರು ತಮ್ಮ ಅಪ್ಪ ಅಜ್ಜಂದಿರ ಕ್ರಮ ಮುರಿದ ಹಾಗೆ. ಒಪ್ಪದಿದ್ದರೆ ಆ ಹೆಂಗಸು ಪಟ್ಟ ಪಾಡೆಲ್ಲ ನೀರಿಗೆ. ಮುದುಕರು ತಲೆ ತಗ್ಗಿಸಿದರು.

“ಅಲ್ಲಾಹು ನಿನಗೆ ಆಯುಸ್ಸು ಕೊಡಲಿ, ಯಹ್ಯಾನ ತಾಯಿ,” ಎಂದರು. “ನೀನು ಹೇಳಿದ ಹಾಗೆಯೇ ಆಗಲಿ.”

ಅವರು ತಮ್ಮ ಗದ್ದೆಗೆ ಇಳಿದು ಹೋದರು. ಬಗ್ಗಿ ಮೊದಲ ಹಿಡಿ ಕೊಯ್ಯುವಾಗ ಅವರ ಹೆಗಲು ಅಲುಗುತ್ತಿದ್ದದ್ದು ಮೇಲಿನಿಂದ ಕಾಣುತ್ತಿತ್ತು. ಮೋಡದ ಅವಸರಕ್ಕೆ ಆ ಸಲ ಉಳಿದವರೂ ಒಬ್ಬೊಬ್ಬರಾಗಿ ಅವರವರ ಗದ್ದೆಗೆ ಚದುರಿದರು. ಸ್ವಲ್ಪ ಹೊತ್ತಿನಲ್ಲಿ ಬೆಟ್ಟದ ತುಂಬ ಕುಡುಗೋಲಿನ ಸದ್ದು ಎದ್ದಿತು. ಕೊಯ್ಲಿನ ಹಾಡು ಮಾತ್ರ ಯಾರೂ ಹಾಡಲಿಲ್ಲ, ಮಧ್ಯಾಹ್ನದವರೆಗೂ. ಆಮೇಲೆ ಖಾಲಾ ಕಿಟಕಿಯಿಂದ, ಈ ಊರಿನವರ ಗಂಟಲಿಗೂ ಹುಣ್ಣಾಗಿದೆಯೇ ಎಂದು ಹೇಳಿ ಕಳಿಸಿದರು. ಹಾಡತೊಡಗಿದರು.

ನಂಬಿದವನು ಒಬ್ಬನೇ, ಯಹ್ಯಾ. ಅಮ್ಮನನ್ನು ಎತ್ತಿಕೊಂಡೇ ಮನೆಗೆ ತಂದು ಮಲಗಿಸಿದವನು ನನ್ನ ಹಿಂದೆ ಬಾಗಿಲವರೆಗೆ ಬಂದು, ಅಲ್ಲಾಹನಿಗೆ ಆಗದ್ದು ಯಾವುದೂ ಇಲ್ಲ ಸಿಸ್ಟರ್, ಸ್ಕ್ಯಾನ್ ತಪ್ಪಿರಲೂ ಸಾಕು ಅಂದ. ಮುಖದಲ್ಲಿ ಮಗುವಿನ ಖುಷಿ. ಓದಿದವನು, ಬಿಳಿಗೂದಲು ಬಂದವನು. ಆ ಖುಷಿಗೆ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಇನ್ಶಾ ಅಲ್ಲಾಹ್ ಎಂದು ಹೇಳಿ ಹೊರಟುಬಂದೆ.

ಎಲ್ಲರ ಗದ್ದೆ ಮುಗಿದ ಮೇಲೆ, ಕೊನೆಗೆ, ಆರೋಗ್ಯವಾಗಿರುವವರ ಗದ್ದೆಯಂತೆ ಖಾಲಾಳ ಗದ್ದೆಯನ್ನು ಎಲ್ಲರೂ ಸೇರಿ ಕೊಯ್ದರು. ನಾನೂ ರಜೆ ಹಾಕಿ ಇಳಿದೆ. ನನ್ನ ಸೂಡಿ ಕಟ್ಟುವ ರೀತಿ ನೋಡಿ ಹೆಂಗಸರು ನಕ್ಕರು, ನಮ್ಮದು ಭತ್ತದ ಕಟ್ಟು. ಖಾಲಾ ಹಾಸಿಗೆಯಲ್ಲಿ ಮಲಗಿಯೇ ಎಲ್ಲರಿಗೂ ಬಡಿಸಬೇಕಾದ ರೊಟ್ಟಿಯ ಹಿಟ್ಟು ಎಷ್ಟು, ಜೇನಿನ ಯಾವ ಡಬ್ಬಿ ತೆರೆಯಬೇಕು ಎಂದು ಹೇಳುತ್ತಿದ್ದರು. ತಮಗೆ ಒಂದು ತುತ್ತನ್ನೂ ನುಂಗಲಾಗುತ್ತಿರಲಿಲ್ಲ. ಕೊನೆಯ ಸೂಡಿ ಮನೆಯ ಮಾಳಿಗೆ ಸೇರಿದ ಮಾರನೆಯ ದಿನ ಆಲಿಕಲ್ಲು ಬಿತ್ತು. ಬರಿದಾದ ಗದ್ದೆಗಳ ಮೇಲೆ ಬಿತ್ತು. ಅವರು ಕಿಟಕಿ ತೆರೆಯಲು ಹೇಳಿ ಆ ಸದ್ದನ್ನು ಕೇಳಿದರು.

ಮತ್ತೆ ಅವರು ಏಳಲಿಲ್ಲ. ರೊಟ್ಟಿಗೆ ಹೊಸ ಗೋಧಿ ಬೀಸುವ ಹೊತ್ತಿಗೆ ತೀರಿಕೊಂಡರು. ಒಂದು ಶುಕ್ರವಾರ ಬೆಳಿಗ್ಗೆ, ಮಗ ತಲೆಯ ಹತ್ತಿರ ಕುಳಿತು ಕುರಾನ್ ಓದುತ್ತಿರುವಾಗ. ಮಧ್ಯಾಹ್ನದ ನಮಾಜಿನ ನಂತರ ಗಂಡಸರು ಹೊತ್ತುಕೊಂಡು ಹೋದರು. ಮೂರು ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಊರಿನವರೇ ಊಟ ತಂದರು. ಹೆಂಗಸರ ಕೋಣೆಯಲ್ಲಿ ಅವರ ನಡುವೆ ನನ್ನನ್ನೂ ಕೂರಿಸಿಕೊಂಡರು. ನನ್ನ ಅಮ್ಮನೇ ಹೋದಷ್ಟು ಅತ್ತೆ. ಯಾವ ಭಾಷೆಯಲ್ಲಿ ಅಳುತ್ತಿದ್ದೇನೆಂದು ಅಲ್ಲಿ ಯಾರೂ ಕೇಳಲಿಲ್ಲ.

ಕೆಲವು ದಿನ ಬಿಟ್ಟು ಯಹ್ಯಾ ಉಳಿದ ಔಷಧಿಗಳನ್ನು ಮರಳಿಸಲು ಕೇಂದ್ರಕ್ಕೆ ಬಂದ. ಡಾಕ್ಟರು ಊಟಕ್ಕೆ ಹೋಗಿದ್ದರು. ಚೀಲವನ್ನು ಮೇಜಿನ ಮೇಲಿಟ್ಟು, ಬೆಂಚಿನ ತುದಿಯಲ್ಲಿ ಕುಳಿತ. ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ ತಾನೆ ಎಂದು ಕೇಳಿದ. ಇಲ್ಲ ಅಂದೆ. ಅಲ್‌ಹಮ್ದುಲಿಲ್ಲಾಹ್ ಅಂದ. ಅಷ್ಟಾದರೂ ಮಾಡಿದೆನಲ್ಲ ಅಂದ. ಎದ್ದು ಬಾಗಿಲವರೆಗೆ ಹೋದ. ಹೋದವನು ಅಲ್ಲೇ ನಿಂತ.

“ಆದರೆ ಗೊತ್ತಿದ್ದಿದ್ದರೆ ನನಗೆ ಏನಾದರೂ ಹೇಳಿ ಹೋಗುತ್ತಿದ್ದಳು ಸಿಸ್ಟರ್. ಒಂದು ಮಾತೂ ಇಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಅದನ್ನೂ ನಾನೇ ಕಳೆದುಕೊಂಡೆ.”

ಸತ್ತವರಿಗೆ ಕೊಟ್ಟ ಮಾತು ದೊಡ್ಡದು ಎನ್ನುತ್ತಾರೆ. ಇರಬಹುದು. ಅವನ ಮುಖ ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಕುಳಿತುಕೋ ಯಹ್ಯಾ ಅಂದೆ. ಅಮ್ಮನಿಗೆ ಗೊತ್ತಿತ್ತು, ಊರಿನವರು ಕುಡುಗೋಲು ಎತ್ತದೆ ಇದ್ದದ್ದನ್ನು ನೋಡಿಯೇ ಗೊತ್ತಾಯಿತು, ಆ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟು ಇಳಿಸಿಕೊಂಡು ಬಂದವಳು ನಾನೇ, ಎಲ್ಲವನ್ನೂ ಹೇಳಿದೆ. ಅವನು ಗೋಡೆಗೆ ಒರಗಿದ. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅದಕ್ಕೂ ಉತ್ತರ ನನ್ನ ಬಳಿ ಇತ್ತು. ಇಂಜೆಕ್ಷನ್ ಹಿಡಿಯಲೆಂದು ಕಾಯುತ್ತ ಕುಳಿತಾಗ ಖಾಲಾ ಹೇಳಿದ್ದನ್ನು ಹೇಳಿದ ಹಾಗೆಯೇ ಅವನಿಗೆ ಒಪ್ಪಿಸಿದೆ.

“ಸಣ್ಣವನಿದ್ದಾಗ ಸಂಜೆ ಗದ್ದೆಯಿಂದ ಮನೆಗೆ ಹತ್ತುವ ಹೊತ್ತಿಗೆ ಯಹ್ಯಾ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದ, ನಾನು ಎತ್ತಿಕೊಳ್ಳಲಿ ಎಂದು. ರೆಪ್ಪೆ ಅದುರುತ್ತಿತ್ತು. ತಲೆಯ ಮೇಲೆ ಸೂಡಿ, ಸೊಂಟದ ಮೇಲೆ ಅವನು, ಅಷ್ಟೂ ಮೆಟ್ಟಿಲು ಹತ್ತುತ್ತಿದ್ದೆ. ನೀನು ಎಚ್ಚರವಾಗಿದ್ದೀ, ಇಳಿದು ನಡೆ ಎಂದು ಒಂದು ದಿನವೂ ಹೇಳಲಿಲ್ಲ. ಈಗ ಅವನು ನನ್ನನ್ನು ಎತ್ತಿಕೊಂಡಿದ್ದಾನೆ. ನನಗೂ ಸ್ವಲ್ಪ ದಿನ ಕಣ್ಣು ಮುಚ್ಚಿಕೊಂಡಿರುವ ಆಸೆ, ಮಗಳೇ.”

ಯಹ್ಯಾ ನೆಲ ನೋಡುತ್ತ ಕುಳಿತಿದ್ದ. ತಲೆಯ ವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡ, ಮತ್ತೂ ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ತೀರ ಸಣ್ಣ ದನಿಯಲ್ಲಿ ಕೇಳಿದ.

“ಅದೂ ಗೊತ್ತಿತ್ತಾ ಅವಳಿಗೆ?”